ಮಾಗಡಿ ಕೆರೆ ಹಕ್ಕಿ ನೋಡಾಕ ದುರ್ಬೀನು ತಗೋತೀರಾ? ಡಬ್ಬಿ ಮೇಲಿನ ‘40×60’ ನಂಬೋ ಮುಂಚೆ ಇದನ್ನ ಓದ್ರಿ

ಶಿರಹಟ್ಟಿ: ಚಳಿ ಶುರುವಾದ್ರೆ ತಾಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಹಕ್ಕಿ ಇವು. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೂ ಸೇರಿದೆ. ಆದರೆ ಬರಿಗಣ್ಣಲ್ಲಿ ನೋಡಲು ಬಂದವರಿಗೆ ಕಾಣುವುದು ನೀರಿನ ಮೇಲೆ ಬೂದು ಚುಕ್ಕೆಗಳು, ಅಷ್ಟೇ. ತಲೆ ಹಿಂದಿನ ಎರಡು ಕಪ್ಪು ಪಟ್ಟೆ ಕಾಣಲ್ಲ. ಕಾಣದಿದ್ದಾಗ ಜನ ಏನು ಮಾಡ್ತಾರೆ? ದಡಕ್ಕೆ ಇಳೀತಾರೆ. ಇಳಿದ ಕೂಡಲೇ ಹಿಂಡು ಏಳುತ್ತದೆ. ಹಗಲು ಸುಧಾರಿಸಿಕೊಳ್ಳಬೇಕಾದ ಹಕ್ಕಿ ಸುಮ್ಮನೆ ಹಾರಿ ದಣಿಯುತ್ತದೆ, ನೋಡಲು ಬಂದವರಿಗೂ ಏನೂ ಸಿಗಲ್ಲ.

ಇದಕ್ಕೆ ಸರಳ ಉಪಾಯ ಜೇಬಲ್ಲಿ ಹಿಡಿಯುವ ಒಂಟಿಗಣ್ಣಿನ ದುರ್ಬೀನು. ಅಂಗಡಿಯವರು ಮೊನೊಕ್ಯುಲರ್ ಅಂತಾರೆ. ಬೈನಾಕ್ಯುಲರ್‌ನ ಅರ್ಧ ಭಾಗ ಅಂದುಕೊಳ್ಳಿ. ತೂಕ ಕಡಿಮೆ, ಒಂದೇ ಕೈಯಲ್ಲಿ ಹಿಡಿಯಬಹುದು, ಬೈಕಲ್ಲಿ ಹೋಗುವವರಿಗೆ ಅನುಕೂಲ. ತೊಂದರೆ ಇರೋದು ಕೊಳ್ಳುವಾಗ. ಆನ್‌ಲೈನಲ್ಲಿ, ಜಾತ್ರೆ ಅಂಗಡಿಗಳಲ್ಲಿ, ಸಾವಿರ ರೂಪಾಯಿ ಒಳಗೆ ‘40×60’, ‘80×100’ ಅಂತ ಬರೆದ ದುರ್ಬೀನುಗಳು ಸಿಗುತ್ತವೆ. ಹತ್ತರಲ್ಲಿ ಹತ್ತು ಜನ ದೊಡ್ಡ ನಂಬರ್ ನೋಡಿಯೇ ತಗೋತಾರೆ.

ಈ ನಂಬರಿನ ಅರ್ಥ ಇಷ್ಟು. 8×25 ಎಂದಿದ್ದರೆ ಮೊದಲನೆಯದು ವಸ್ತು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನೋದು. 200 ಮೀಟರ್ ದೂರದ ಬಾತು 25 ಮೀಟರಲ್ಲಿ ಕೂತ ಹಾಗೆ ಕಾಣುತ್ತದೆ. ಎರಡನೆಯದು ಮುಂದಿನ ಗಾಜಿನ ಅಗಲ, 25 ಮಿಲಿಮೀಟರ್. ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು.

ಹಾಗಾದ್ರೆ 40 ಪಟ್ಟು ಇನ್ನೂ ಒಳ್ಳೇದಲ್ವಾ? ಅಲ್ಲ. ಹಕ್ಕಿ 40 ಪಟ್ಟು ಹತ್ತಿರ ಬಂದರೆ ನಿಮ್ಮ ಕೈ ನಡುಕವೂ 40 ಪಟ್ಟಾಗುತ್ತದೆ. ಸ್ಟ್ಯಾಂಡ್ ಇಲ್ಲದೆ ಅದರಲ್ಲಿ ಏನನ್ನೂ ನೋಡಲಾಗದು. ಕಾಣುವ ಜಾಗವೂ ತೀರಾ ಸಣ್ಣದಾಗಿ, ಹಾರುವ ಹಕ್ಕಿ ಸಿಗೋದೇ ಇಲ್ಲ. ಇಷ್ಟಾದರೂ ಆ ಅಗ್ಗದ ದುರ್ಬೀನನ್ನು ಕೈಯಲ್ಲಿ ಹಿಡಿದು ಹೇಗೋ ನೋಡ್ತಾರಲ್ಲ, ಹೇಗೆ? ಯಾಕಂದ್ರೆ ಅದು 40 ಪಟ್ಟು ಇರೋದೇ ಇಲ್ಲ. ಡಬ್ಬಿ ಮೇಲಿನ ಅಂಕಿಯೇ ಸುಳ್ಳು.

ಶಟರ್ ಎಣಿಸಿ ನೋಡ್ರಿ

ಇದನ್ನು ಪರೀಕ್ಷೆ ಮಾಡಲು ತಜ್ಞರು ಬೇಕಿಲ್ಲ. ಪೇಟೆಯಲ್ಲಿ ನಿಂತು ಎದುರಿನ ಅಂಗಡಿಯ ಮುಚ್ಚಿದ ರೋಲಿಂಗ್ ಶಟರ್ ನೋಡಿ. ಎರಡೂ ಕಣ್ಣು ತೆರೆದಿರಲಿ, ಒಂದಕ್ಕೆ ದುರ್ಬೀನು ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಎರಡು ಚಿತ್ರ ಒಂದರ ಮೇಲೊಂದು ಕೂರುತ್ತವೆ. ದುರ್ಬೀನಿನಲ್ಲಿ ಕಾಣುವ ಶಟರಿನ ಒಂದು ಪಟ್ಟಿ, ಬರಿಗಣ್ಣಿಗೆ ಕಾಣುವ ಎಷ್ಟು ಪಟ್ಟಿಗಳನ್ನು ಮುಚ್ಚುತ್ತದೆ ಎಣಿಸಿ. ಎಂಟು ಪಟ್ಟಿ ಮುಚ್ಚಿದರೆ ಅದು 8 ಪಟ್ಟಿನ ದುರ್ಬೀನು, ಡಬ್ಬಿ ಮೇಲೆ ಏನೇ ಬರೆದಿರಲಿ. ಮೊದಲ ಸಲ ಕಣ್ಣು ಗೊಂದಲ ಆಗ್ತದೆ, ಎರಡು ಮೂರು ಸಲ ನೋಡಿದ್ರೆ ಗೊತ್ತಾಗ್ತದೆ. ಜೊತೆಗೆ ಶಾಲೆ ಮಕ್ಕಳ ಸ್ಕೇಲ್ ತಗೊಂಡು ಮುಂದಿನ ಗಾಜನ್ನೂ ಅಳೆಯಿರಿ. 60 ಅಂದ್ರೆ ಆರು ಸೆಂಟಿಮೀಟರ್ ಅಗಲ. ಅಷ್ಟು ಅಗಲದ ಗಾಜಿರುವ ದುರ್ಬೀನು ಅಂಗಿ ಜೇಬಿಗೆ ಹೋಗಲ್ಲ.

ಇನ್ನೊಂದು ಪರೀಕ್ಷೆ ಇದೆ. ದುರ್ಬೀನನ್ನು ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜನ್ನು ಒಂದಡಿ ದೂರದಿಂದ ನೋಡಿ. ನಡುವೆ ಬೆಳಕಿನ ಸಣ್ಣ ವೃತ್ತ ಕಾಣುತ್ತದೆ. ಅದು ಪೂರ್ತಿ ಗುಂಡಗಿರಬೇಕು. ಅಂಚು ಕತ್ತರಿಸಿದಂತೆ ಚೌಕಾಕಾರ ಇದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ಒಳ್ಳೆಯದರ ಮೇಲೆ ಸಾಮಾನ್ಯವಾಗಿ ‘ಬಿಎಕೆ-4’ ಎಂದು ಬರೆದಿರುತ್ತಾರೆ, ಆದರೆ ಬರೆದದ್ದಕ್ಕಿಂತ ಕಂಡದ್ದನ್ನು ನಂಬಿ. ವೃತ್ತದ ಅಗಲ ಎಷ್ಟೆಂದು ಲೆಕ್ಕ ಹಾಕಲೂಬಹುದು, ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಸಾಕು. 8×25ರಲ್ಲಿ ಸುಮಾರು 3 ಮಿ.ಮೀ., 10×25ರಲ್ಲಿ ಎರಡೂವರೆ, 8×36ರಲ್ಲಿ ನಾಲ್ಕೂವರೆ. ಮಧ್ಯಾಹ್ನದ ಬಿಸಿಲಲ್ಲಿ ಇದರ ವ್ಯತ್ಯಾಸ ತಿಳಿಯದು. ಆದರೆ ಮಾಗಡಿಯಲ್ಲಿ ನೋಡಲು ಚೆಂದ ಇರೋದು ಬಾತುಗಳು ಹೊಲದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ ಹೋಗಿ ಬರುವ ಮಬ್ಬು ಬೆಳಕಿನ ಹೊತ್ತು. ಆಗ ಕಣ್ಣಿನ ಪಾಪೆ ಅಗಲ ಆಗಿರುತ್ತದೆ, ಸಣ್ಣ ವೃತ್ತದಲ್ಲಿ ಎಲ್ಲಾ ಕಪ್ಪಗೆ ಕಾಣುತ್ತದೆ.

ಆದ್ದರಿಂದ ನಮ್ಮ ಸಲಹೆ ನೇರ. ಜೇಬಿಗೇ ಬೇಕು ಅಂದ್ರೆ 8×25. ಚೀಲದಲ್ಲಿ ಸ್ವಲ್ಪ ಜಾಗ ಇದ್ರೆ 8×32 ಅಥವಾ 8×36. ಕೈ ಗಟ್ಟಿ ಇದ್ದವರು 10 ಪಟ್ಟಿಗೆ ಹೋಗಬಹುದು, ಅದಕ್ಕಿಂತ ಮೇಲೆ ಬೇಡ. ವೋರ್ಟೆಕ್ಸ್, ಸೆಲೆಸ್ಟ್ರಾನ್‌ನಂಥ ಕಂಪನಿಗಳು ಇಂಥವನ್ನು ಮಾಡುತ್ತವೆ, ಬೆಲೆ ಸಾವಿರಗಳಲ್ಲಿ. ಹೆಸರಾಂತ ಕಂಪನಿಗಳ ನಕಲಿ ಮಾಲೂ ಓಡಾಡುತ್ತಿರೋದರಿಂದ ಬಿಲ್, ವಾರಂಟಿ ಕೇಳಿಯೇ ತಗೋರಿ.

ಗಾಜು ಕೆಂಪಗೆ ಮಾಣಿಕ್ಯದಂತೆ ಹೊಳೆಯುತ್ತಿದ್ದರೆ ಚೆಂದ ಅಂತ ಮರುಳಾಗಬೇಡಿ. ಅದು ಕೆಂಪು ಬೆಳಕನ್ನು ಹೊರಗೇ ತಳ್ಳುತ್ತಿದೆ ಅಂತ ಅರ್ಥ, ಒಳಗೆ ಹಕ್ಕಿಯ ಬಣ್ಣ ಹಸಿರು ಹಸಿರಾಗಿ ಕಾಣುತ್ತದೆ. ಹಕ್ಕಿ ಗುರುತಿಸೋದೇ ಬಣ್ಣದಿಂದ, ಅದೇ ಕೆಟ್ಟರೆ ಏನು ಉಪಯೋಗ? ಚಾಳೀಸು ಹಾಕುವವರು ಕನ್ನಡಕ ತೆಗೆಯದೆ ನೋಡಿ ಪರೀಕ್ಷಿಸಬೇಕು, ಇಡೀ ವೃತ್ತ ಕಾಣದಿದ್ದರೆ ಬಿಡಿ. ಕಣ್ಣಿಂದ 15 ಮಿ.ಮೀ. ದೂರದಲ್ಲೂ ಪೂರ್ತಿ ಕಾಣುವಂಥದ್ದು ಬೇಕು. ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಫ್ರೀ ಅಂತ ಕೊಡ್ತಾರೆ, ರೀಲ್ಸ್ ಮಾಡೋ ಹುಡುಗರು ಅದಕ್ಕೇ ಬೀಳೋದು. ಅಲುಗಾಡದ ಹಾಗೆ ಫೋಟೋ ಬರೋದು ಕಷ್ಟ, ಆ ಆಸೆಗೆ ಕೊಳ್ಳಬೇಡಿ.

ಒಂದು ಮಾತು ಮುಚ್ಚಿಡಬಾರದು. ಗಂಟೆಗಟ್ಟಲೆ ಏರಿ ಮೇಲೆ ಕೂತು ನೋಡೋರಿಗೆ ಒಂಟಿಗಣ್ಣು ದಣಿವು ತರುತ್ತದೆ. ಅಂಥವರಿಗೆ ತೂಕ ಹೆಚ್ಚಾದರೂ ಎರಡು ಕಣ್ಣಿನ ಬೈನಾಕ್ಯುಲರೇ ಮೇಲು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿದ್ದುಂಟು. ಆ ಪಟ್ಟಿಯ ಅಕ್ಷರ ದೂರದಿಂದ ಓದಬೇಕಾದ್ರೆ ಇವೆರಡೂ ಸಾಲವು, ಸ್ಟ್ಯಾಂಡಿನ ದೊಡ್ಡ ಸ್ಕೋಪೇ ಬೇಕು. ಪಟ್ಟಿ ಇದೆಯೋ ಇಲ್ಲವೋ ಅಂತ ನೋಡಲು 8 ಪಟ್ಟು ಸಾಕು.

ಇನ್ನು ಅಂಗಡಿಯವರಿಗೆ. ಸರಬರಾಜುದಾರ ಕೊಟ್ಟ ಡಬ್ಬಿಯಲ್ಲಿ ಸುಳ್ಳು ಅಂಕಿ ಇದ್ದರೂ, ‘40 ಪಟ್ಟು ಐತ್ರಿ’ ಅಂತ ಮಾರಿದ ಮೇಲೆ ಗಿರಾಕಿ ಬಂದು ಕೇಳೋದು ನಿಮ್ಮನ್ನೇ. ತರಿಸುವ ಮುಂಚೆ ಒಂದು ಪೀಸ್ ತಂದು ಎದುರಿನ ಶಟರ್ ಎಣಿಸಿ. ಕೊಂಡವರು ಮೋಸ ಆಯ್ತು ಅನಿಸಿದರೆ 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಆನ್‌ಲೈನಲ್ಲಿ ತರಿಸಿದವರು ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ಪರೀಕ್ಷೆ ಮಾಡಿ, ಅಲ್ಲಿವರೆಗೆ ಡಬ್ಬಿ ಎಸೆಯಬೇಡಿ.

ಸಂಜೆ ಹೋಗುವವರು ಮಕ್ಕಳ ಕೈಗೆ ದುರ್ಬೀನು ಕೊಟ್ಟಾಗ ಹುಷಾರು. ಮುಳುಗುವ ಸೂರ್ಯನ ಕಡೆ ತಿರುಗಿಸಲು ಬಿಡಬೇಡಿ, ಒಂದು ಕ್ಷಣ ಸಾಕು ಕಣ್ಣು ಹೋಗಲು. ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ಜಾಗ ನೋಡಿಕೊಂಡು ನಿಂತರೆ ಹಕ್ಕಿಯ ಬಣ್ಣವೂ ಚೊಕ್ಕಾಗಿ ಕಾಣುತ್ತದೆ.