ಮನೆ ಬದಲಿಸಿ ನೋಡು!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಇಂದು ಅವರು ಬದುಕಿದ್ದರೆ ‘ಮನೆ ಬದಲಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ. ಉದ್ಯೋಗ ನಿಮಿತ್ತ ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿ, ನಿವೃತ್ತಿಯ ಬಳಿಕ ಹುಟ್ಟೂರಿಗೆ ಮರಳುವವರು ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಬಹಳ ಮಂದಿ ಇದ್ದಾರೆ. ಊರಿನ ಮನೆಗೆ ಯಾವ ಹಂಚು, ಯಾವ ಬಣ್ಣ ಎಂದು ತಿಂಗಳುಗಟ್ಟಲೆ ಚರ್ಚಿಸುವ ನಾವು, ಇಪ್ಪತ್ತು ಮೂವತ್ತು ವರ್ಷಗಳ ಸಂಸಾರವನ್ನು ಯಾರ ಲಾರಿಗೆ ಏರಿಸುವುದೆಂಬುದನ್ನು ಮಾತ್ರ ಒಂದು ಫೋನ್ ಕರೆಯಲ್ಲಿ ತೀರ್ಮಾನಿಸಿಬಿಡುತ್ತೇವೆ. ನಾನೂ ಹಾಗೆಯೇ ಮಾಡಿದವನು.

2022ರ ಮೇ ತಿಂಗಳ ಕೊನೆಯ ವಾರ. ಇಪ್ಪತ್ತಾರು ವರ್ಷಗಳ ಬೆಂಗಳೂರು ವಾಸವನ್ನು ಮುಗಿಸಿ, ವೃದ್ಧ ತಾಯಿಯೊಡನೆ ಮಂಗಳೂರಿಗೆ ಹೊರಟಿದ್ದೆವು. ಮೂವರಲ್ಲಿ ದರ ವಿಚಾರಿಸಿದೆವು. ಒಬ್ಬರು ಮನೆಗೆ ಬಂದು, ಕೋಣೆ ಕೋಣೆ ನೋಡಿ, ಏಣಿ ತರಿಸಿ ಅಟ್ಟಕ್ಕೂ ಇಣುಕಿ, 26,000 ರೂಪಾಯಿ ಎಂದರು. ಇನ್ನೊಬ್ಬರದು 24,500. ಮೂರನೆಯವರು ಮನೆಯನ್ನು ನೋಡದೆಯೇ, “ಎರಡು ಬೆಡ್‌ರೂಮಿನ ಮನೆ ತಾನೇ ಸಾರ್, 14,000ಕ್ಕೆ ಮುಗಿಸಿಕೊಡೋಣ” ಎಂದರು. ಅಟ್ಟಕ್ಕೆ ಇಣುಕಿದ ಮನುಷ್ಯನ ಮೇಲೆ ನಮಗೆ ಅನುಮಾನ ಮೂಡಿತೇ ಹೊರತು ಇಣುಕದವನ ಮೇಲೆ ಮೂಡಲಿಲ್ಲ. ಹನ್ನೆರಡು ಸಾವಿರ ಉಳಿಯಿತೆಂದು ಸಂತೋಷಪಟ್ಟೆವು.

ಗೊತ್ತಾದ ದಿನ ಬೆಳಗ್ಗೆ ಬರಬೇಕಾದ ಲಾರಿ ಸಂಜೆ ನಾಲ್ಕಕ್ಕೆ ಬಂತು. ಅದರಲ್ಲಿ ಆಗಲೇ ಬೇರೆ ಎರಡು ಮನೆಗಳ ಸಾಮಾನು ತುಂಬಿತ್ತು. ಕತ್ತಲಾಗುವ ಮುನ್ನ ಮುಗಿಸುವ ಅವಸರದಲ್ಲಿ ಆಳುಗಳು ಪಾತ್ರೆ, ಪುಸ್ತಕ, ಹಾಸಿಗೆಗಳನ್ನು ಸಿಕ್ಕ ಸಿಕ್ಕ ಪೆಟ್ಟಿಗೆಗಳಿಗೆ ತುಂಬಿದರು. ಪೆಟ್ಟಿಗೆಗಳಿಗೆ ಸಂಖ್ಯೆಯಿಲ್ಲ, ನಮ್ಮ ಕೈಯಲ್ಲಿ ಪಟ್ಟಿಯಿಲ್ಲ. ರಸೀದಿ ಎಂದು ಕೊಟ್ಟ ಚೀಟಿಯಲ್ಲಿ ‘ಮನೆ ಸಾಮಾನು, ಒಂದು ಲೋಡು, ಬಾಡಿಗೆ 4,000’ ಎಂದಷ್ಟೇ ಇತ್ತು. “ತೆರಿಗೆ ಉಳಿಯುತ್ತದೆ ಸಾರ್, ಉಳಿದದ್ದು ಕೈಗೆ ಕೊಡಿ” ಎಂಬ ಮಾತಿಗೆ ನಾನೂ ತಲೆದೂಗಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಎರಡು ದಿನಗಳ ಬಳಿಕ ಮಂಗಳೂರಿನ ಮನೆಯ ಗೇಟಿನ ಮುಂದೆ ಲಾರಿ ನಿಂತಿತು, ಹಿಂಬಾಗಿಲು ತೆರೆಯಲಿಲ್ಲ. ಹೇಳಿದ್ದಕ್ಕಿಂತ ಸಾಮಾನು ಹೆಚ್ಚಿದೆ, ಇನ್ನೂ 9,500 ರೂಪಾಯಿ ಕೊಟ್ಟರೆ ಇಳಿಸುತ್ತೇವೆ, ಇಲ್ಲವಾದರೆ ಆಫೀಸಿಗೆ ಮಾತಾಡಿ ಎಂದ ಚಾಲಕ. ಆಫೀಸಿನವರು ಫೋನ್ ಎತ್ತಲಿಲ್ಲ. ಮಳೆಯ ಮೋಡ ಕವಿಯುತ್ತಿತ್ತು, ಅಮ್ಮ ಬರಿಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಹಣ ಕೊಟ್ಟೆವು. ತಂದೆಯವರು ಬೀಟೆ ಮರದಲ್ಲಿ ಮಾಡಿಸಿದ್ದ ಮನೆಯ ಅಲ್ತಾರಿನ ಗಾಜು ಒಡೆದು, ಒಂದು ಬದಿಯ ಕಂಬ ಕಿತ್ತು ಬಂದಿತ್ತು. “ಬಿಡು ಪುತಾ, ಇಮಾಜಿಗೆ ಏನೂ ಆಗಿಲ್ಲವಲ್ಲ” ಎಂದರು ಅಮ್ಮ. ಅದರ ದುರಸ್ತಿಗೆ ಬಡಗಿ 2,800 ರೂಪಾಯಿ ಪಡೆದ. ಎಲ್ಲವನ್ನೂ ಕೂಡಿಸಿದರೆ 26,300. ಅಟ್ಟಕ್ಕೆ ಇಣುಕಿದವನು ಹೇಳಿದ ದರಕ್ಕಿಂತ ಮುನ್ನೂರು ಹೆಚ್ಚು!

ಕಥೆ ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಡಿಸೆಂಬರ್ ಎರಡನೆಯ ವಾರ ಕುಸ್ವಾರಿನ ಸಿದ್ಧತೆಗೆ ಕುಳಿತಾಗ ಕೊಕ್ಕಿಸಾಂ ಅಚ್ಚು ಸಿಗಲಿಲ್ಲ. ಹುಡುಕುತ್ತ ಹೋದಂತೆ ಅಜ್ಜಿಯ ಕಾಲದ ಕಂಚಿನ ಉರುಳಿಯೂ, ಹಬ್ಬಕ್ಕೆಂದೇ ತೆಗೆದಿಟ್ಟಿದ್ದ ತಟ್ಟೆಗಳೂ ಇಲ್ಲ. ಇಡೀ ಒಂದು ಪೆಟ್ಟಿಗೆಯೇ ಬಂದಿರಲಿಲ್ಲ. ಏಳು ತಿಂಗಳು ನಮಗೆ ಅದರ ಅರಿವೇ ಇರಲಿಲ್ಲ.

ಆಗ ಪರಿಚಯದ ವಕೀಲರಲ್ಲಿ ವಿಚಾರಿಸಿ ತಿಳಿದುಕೊಂಡ ಸಂಗತಿಗಳನ್ನು ಓದುಗರು ಮೊದಲೇ ತಿಳಿದಿರುವುದು ಒಳಿತು. ಸರಕು ಸಾಗಿಸುವವರಿಗೆ ಅನ್ವಯಿಸುವ 2007ರ ರಸ್ತೆ ಸಾಗಣೆ ಕಾಯ್ದೆಯು 1865ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದುದು, 2011ರಿಂದ ಜಾರಿಯಲ್ಲಿದೆ. ಇದರಂತೆ, ಸಾಮಾನು ಕಳೆದರೆ ಅಥವಾ ಹಾಳಾದರೆ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸು ಕೊಡತಕ್ಕದ್ದು; ಆ ಬಳಿಕವೇ ದಾವೆ. ಮೇ ಕೊನೆಯಲ್ಲಿ ಬುಕ್ ಮಾಡಿದ ನಮ್ಮ ಅವಧಿ ನವೆಂಬರಿನಲ್ಲೇ ತೀರಿತ್ತು. ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಹೆಚ್ಚಿನ ಹೊಣೆಗೆ ಪ್ರತ್ಯೇಕ ದರ ಕೊಟ್ಟು ಒಪ್ಪಂದ ಮಾಡಿಕೊಳ್ಳದಿದ್ದಲ್ಲಿ, ಸಾಗಣೆದಾರರ ಹೊಣೆಯು ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನಾವು ಬರೆದುಕೊಟ್ಟ ಮೌಲ್ಯವನ್ನು ಅದು ಮೀರುವಂತೆಯೂ ಇಲ್ಲ. ಚೀಟಿಯಲ್ಲಿ 4,000 ಎಂದು ಬರೆಸಿದ ನಾವು ತೆರಿಗೆ ಉಳಿಸಿದೆವೆಂದುಕೊಂಡು ನಮ್ಮ ಹಕ್ಕನ್ನೇ ಮೂರನೆಯ ಒಂದು ಪಾಲಿಗಿಂತ ಕಡಿಮೆಗೆ ಇಳಿಸಿಕೊಂಡಿದ್ದೆವು. ಮೌಲ್ಯವನ್ನಂತೂ ಬರೆದೇ ಇರಲಿಲ್ಲ.

ಆದುದರಿಂದ ಸಾಗಣೆ ಸಂಸ್ಥೆಯನ್ನು ಆರಿಸುವಾಗ ದರಕ್ಕಿಂತ ಮೊದಲು ಕಾಗದ ನೋಡಬೇಕು. ಮನೆಗೆ ಬಂದು ಸಾಮಾನು ನೋಡದೆ ದರ ಹೇಳುವವರನ್ನು ಅಲ್ಲಿಗೇ ಕೈಬಿಡುವುದು ಕ್ಷೇಮ. ಹೆಸರಾಂತ ಸಂಸ್ಥೆಗಳ ಹೆಸರನ್ನೇ ಒಂದಕ್ಷರ ಬದಲಿಸಿ ಇಟ್ಟುಕೊಂಡವರು ಈ ವ್ಯವಹಾರದಲ್ಲಿ ಇರುವುದರಿಂದ ಫಲಕ ನೋಡಿ ಮರುಳಾಗಬಾರದು. ಜಿಎಸ್‌ಟಿ ಸಂಖ್ಯೆ ಕೇಳಬೇಕು. ಹದಿನೈದು ಅಕ್ಷರಗಳ ಆ ಸಂಖ್ಯೆ ಕರ್ನಾಟಕದಲ್ಲಿ ನೋಂದಾಯಿತವಾದುದಾದರೆ 29ರಿಂದ ಆರಂಭವಾಗುತ್ತದೆ, ಯಾರ ಹೆಸರಿನಲ್ಲಿದೆಯೆಂದು ಇಲಾಖೆಯ ಜಾಲತಾಣದಲ್ಲೇ ಪರಿಶೀಲಿಸಬಹುದು. ಲಾರಿ ನಮಗೊಬ್ಬರಿಗೇ ಮೀಸಲೋ ಅಥವಾ ಇತರರ ಸಾಮಾನೂ ಸೇರುತ್ತದೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಂಚಿಕೆಯ ಲಾರಿ ಅಗ್ಗವೆಂಬುದು ನಿಜ, ಆದರೆ ಪೆಟ್ಟಿಗೆಗಳು ಅದಲು ಬದಲಾಗುವುದೂ ಅಲ್ಲಿಯೇ. ವಿಮೆಯ ಹೆಸರಿನಲ್ಲಿ ಹಣ ಕೇಳಿದರೆ ವಿಮಾ ಕಂಪೆನಿಯ ಹೆಸರಿರುವ ಪಾಲಿಸಿಯ ಪ್ರತಿಯನ್ನು ಕೇಳಿರಿ. ಸಾಗಣೆದಾರರು ತಮ್ಮದೇ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವ ಭರವಸೆ ವಿಮೆಯಲ್ಲ. ಪೂರ್ತಿ ಹಣವನ್ನು ಮುಂಗಡವಾಗಿ ಕೊಡದೆ, ಒಂದು ಭಾಗವನ್ನು ಸಾಮಾನು ಇಳಿಸಿದ ಮೇಲೆ ಕೊಡುವ ಕರಾರು ಮಾಡಿಕೊಳ್ಳುವುದು ವಾಡಿಕೆ.

ಇನ್ನು ಆಯವ್ಯಯದ ಮಾತು. ಲಾರಿಯ ಬಾಡಿಗೆಯೇ ಖರ್ಚೆಂದು ಭಾವಿಸಿದವನು ಅರ್ಧ ಲೆಕ್ಕವನ್ನಷ್ಟೇ ಮಾಡಿದವನು. ದರದಲ್ಲಿ ತೆರಿಗೆ, ಟೋಲ್, ಪೆಟ್ಟಿಗೆ ಹಗ್ಗಗಳ ವೆಚ್ಚ, ಏರಿಸುವ ಇಳಿಸುವ ಕೂಲಿ ಸೇರಿವೆಯೇ? ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ ಪ್ರತ್ಯೇಕ ಕೂಲಿಯೇ? ಹೊಸ ಮನೆಯ ಓಣಿಗೆ ದೊಡ್ಡ ಲಾರಿ ಹೊಗದಿದ್ದರೆ ಮುಖ್ಯರಸ್ತೆಯಿಂದ ಸಣ್ಣ ಟೆಂಪೊಗೆ ಯಾರು ಕೊಡುವುದು? ಮಂಗಳೂರಿನ ಇಳಿಜಾರಿನ ಕೇರಿಗಳಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಏರ್ ಕಂಡಿಷನರ್ ಬಿಚ್ಚಿ ಜೋಡಿಸುವವನು, ಕಪಾಟು ಬಿಚ್ಚುವ ಬಡಗಿ ಸಾಮಾನ್ಯವಾಗಿ ದರದ ಹೊರಗೇ ಇರುತ್ತಾರೆ. ಬಾಡಿಗೆ ಮನೆಯವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಮುಂಗಡ ಹಣದ್ದು. ಹಳೆಯ ಮಾಲಿಕರು ಮನೆ ಖಾಲಿಯಾದ ಮೇಲೆ, ಅದೂ ಬಣ್ಣದ ಖರ್ಚೆಂದು ಬೆಂಗಳೂರಿನಲ್ಲಿ ಬಹುತೇಕ ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಹಣ ಮರಳಿಸುತ್ತಾರೆ; ಹೊಸ ಮಾಲಿಕರಿಗೆ ಕೀಲಿ ಪಡೆಯುವ ಮುನ್ನವೇ ಕೊಡಬೇಕು. ನಡುವಿನ ಆ ಕೆಲವು ವಾರಗಳಿಗೆ ಕೈಯಲ್ಲಿ ಹಣವಿಲ್ಲದೆ ಚಿನ್ನ ಅಡವಿಟ್ಟವರನ್ನು ನಾನು ಬಲ್ಲೆ. ಎಲ್ಲವನ್ನೂ ಬರೆದು ಕೂಡಿಸಿ, ಅದರ ಮೇಲೆ ಹತ್ತರಲ್ಲೊಂದು ಪಾಲನ್ನು ಬೇರೆಯೇ ಇಟ್ಟುಕೊಳ್ಳಬೇಕು.

ಖರ್ಚು ತಗ್ಗಿಸಲು ಚೌಕಾಶಿಗಿಂತ ಕ್ಯಾಲೆಂಡರ್ ಹೆಚ್ಚು ಉಪಯುಕ್ತ. ತಿಂಗಳ ಕೊನೆ, ಶನಿವಾರ ಭಾನುವಾರ, ಶಾಲೆ ತೆರೆಯುವ ಮುನ್ನಿನ ಮೇ ತಿಂಗಳು, ಇವುಗಳಲ್ಲಿ ಬೇಡಿಕೆಯೂ ದರವೂ ಏರುತ್ತವೆ. ಜೂನ್ ಬಳಿಕ ಘಾಟಿಯ ಚಿಂತೆ. 2018ರ ಆಗಸ್ಟಿನಲ್ಲಿ ಶಿರಾಡಿ ಮತ್ತು ಸಂಪಾಜೆ ಮಾರ್ಗಗಳೆರಡೂ ಭೂಕುಸಿತದಿಂದ ಮುಚ್ಚಿದ್ದನ್ನು, 2019ರಲ್ಲಿ ಚಾರ್ಮಾಡಿ ಕುಸಿದುದನ್ನು, 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಶಿರಾಡಿಯಲ್ಲಿ ಮತ್ತೆ ಸಂಚಾರ ನಿಂತುದನ್ನು ಮರೆಯುವಂತಿಲ್ಲ. ಸಾಧ್ಯವಿದ್ದವರು ಏಪ್ರಿಲಿನ ನಡುವಾರದಲ್ಲಿ ಮುಗಿಸಿಕೊಳ್ಳಲಿ. ಮತ್ತು ಹೊರಡುವ ಮುನ್ನ ಕಠಿಣ ಮನಸ್ಸಿನಿಂದ ಸಾಮಾನು ಕಡಿಮೆ ಮಾಡಲಿ. ನಾವು ಬೆಂಗಳೂರಿನಿಂದ ಹೊತ್ತು ತಂದ ಹಳೆಯ ಮಂಚವೊಂದು ಇಂದಿಗೂ ಕಾರು ಶೆಡ್ಡಿನಲ್ಲಿ ನಿಂತಿದೆ.

ಅಡುಗೆ ಅನಿಲದ ಸಿಲಿಂಡರನ್ನು ಲಾರಿಗೆ ಏರಿಸಬಾರದು. ಬೇರೆ ಊರಿಗೆ ಹೋಗುವವರು ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ವಿತರಕರಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಅವರು ಕೊಡುವ ಪತ್ರವನ್ನು ಹೊಸ ಊರಿನಲ್ಲಿ ತೋರಿಸಿ ಸಂಪರ್ಕ ಪಡೆಯತಕ್ಕದ್ದು. ಚಿನ್ನ, ಆಸ್ತಿಪತ್ರ, ಅಂಕಪಟ್ಟಿ, ದೀಕ್ಷಾಸ್ನಾನ ಮತ್ತು ವಿವಾಹದ ಪ್ರಮಾಣಪತ್ರಗಳು ನಮ್ಮ ಕೈಚೀಲದಲ್ಲೇ ಇರಲಿ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುತ್ತಿರುವ ಮಕ್ಕಳಿದ್ದರೆ ಹಳೆಯ ಧರ್ಮಕೇಂದ್ರದ ಗುರುಗಳಿಂದ ಪತ್ರವೊಂದನ್ನು ಪಡೆದು ಹೊರಡುವುದು ಲೇಸು. ಊರಿಗೆ ಬಂದು, ಆ ಒಂದು ಕಾಗದಕ್ಕಾಗಿ ಮರಳಿ ಬೆಂಗಳೂರಿನ ಬಸ್ಸು ಹತ್ತಿದವರಿದ್ದಾರೆ.

ಸಾಮಾನು ಇಳಿಸುವಾಗ ಮನೆಯವರೊಬ್ಬರು ಪಟ್ಟಿ ಹಿಡಿದು ಬಾಗಿಲಲ್ಲೇ ನಿಲ್ಲಬೇಕು. ಒಡೆದುದನ್ನೂ ಬಾರದುದನ್ನೂ ರಸೀದಿಯ ಮೇಲೆಯೇ ಬರೆದು ಆ ಬಳಿಕ ಸಹಿ ಹಾಕಬೇಕು, ಚಿತ್ರ ತೆಗೆದುಕೊಳ್ಳಬೇಕು. ಗೇಟಿನ ಮುಂದೆ ಲಾರಿ ನಿಲ್ಲಿಸಿ ಹೆಚ್ಚುವರಿ ಹಣ ಕೇಳಿದರೆ, ಒಪ್ಪಿದ ದರದ ಕಾಗದ ಕೈಯಲ್ಲಿದ್ದವರು ಪೊಲೀಸ್ ಠಾಣೆಗೂ ಧೈರ್ಯವಾಗಿ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನ ಸಂಸ್ಥೆಯೆಂದು ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಕಳೆದ 2025ರ ಏಪ್ರಿಲಿನಲ್ಲಿ ನನ್ನ ತಮ್ಮನ ಕುಟುಂಬ ಇದೇ ದಾರಿಯಾಗಿ ಊರಿಗೆ ಮರಳಿತು. ಅವನ ಹೆಂಡತಿ ನಾಲ್ವತ್ತೇಳು ಪೆಟ್ಟಿಗೆಗಳಿಗೂ ಮೂರು ಬದಿಗಳಲ್ಲಿ ಸಂಖ್ಯೆ ಬರೆದು, ನೋಟುಪುಸ್ತಕದಲ್ಲಿ ಒಳಗಿನ ವಸ್ತುಗಳನ್ನು ದಾಖಲಿಸಿದ್ದಳು. ಇಳಿಸಿ ಮುಗಿಯಿತೆಂದು ಆಳುಗಳು ಕೈ ಒರೆಸಿಕೊಳ್ಳುತ್ತಿದ್ದಾಗ, “31 ಬಂದಿಲ್ಲ” ಎಂದಳು. ಎಲ್ಲ ಇಳಿಸಿದ್ದೇವೆ ಅಕ್ಕಾ ಎಂದರು ಅವರು. ಅವಳು ಪುಸ್ತಕ ತೋರಿಸಿದಳು, ಸಹಿ ಹಾಕಲಿಲ್ಲ. ಒಬ್ಬ ಗೊಣಗುತ್ತಲೇ ಲಾರಿ ಏರಿ, ಮೂಲೆಯಲ್ಲಿ ಮಡಚಿದ್ದ ಟಾರ್ಪಾಲನ್ನು ಎತ್ತಿದ. ಪೆಟ್ಟಿಗೆ ಅಲ್ಲಿತ್ತು. ಅದರೊಳಗಿದ್ದುದು ಮಕ್ಕಳ ಹಳೆಯ ಶಾಲಾ ಬೂಟುಗಳು ಮತ್ತು ಒಂದು ಕೊಕ್ಕಿಸಾಂ ಅಚ್ಚು. ಆ ವರ್ಷದ ಕುಸ್ವಾರಿಗೆ ನಾವು ಅದನ್ನೇ ಕೇಳಿ ತಂದೆವು.