ಎತ್ತಿಗೊಂದು ಝೂಲ

ಸಾಂಗ್ಲಿಯ ಐರ್ವಿನ್ ಸೇತುವೆ ದಾಟಿ ಕೃಷ್ಣೆಯ ಆಚೆ ದಂಡೆಗೆ ಇಳಿದರೆ ಸಾಂಗ್ಲಿವಾಡಿ. ಜ್ಯೇಷ್ಠದ ಹುಣ್ಣಿಮೆ ಹತ್ತಿರ ಬಂತೆಂದರೆ ಈ ಸೀಮೆಯ ಸಂತೆಗಳ ಬಣ್ಣವೇ ಬದಲಾಗುತ್ತದೆ. ಗೊಂಡೆ, ಗೆಜ್ಜೆಸರ, ಹಣೆಪಟ್ಟಿ, ಹೊಸ ಮೂಗುದಾರ, ಬೇಗಡೆಯ ಸುರುಳಿ ಎಲ್ಲ ಹಗ್ಗದ ಮೇಲೆ ಸಾಲಾಗಿ ತೂಗುತ್ತವೆ. ನಮ್ಮ ಕಾರಹುಣ್ಣಿಮೆಗೆ ಇಲ್ಲಿಯ ಮರಾಠಿ ಮಂದಿ ಇಟ್ಟ ಹೆಸರು ‘ಕರ್ನಾಟಕಿ ಬೇಂದೂರ’. ತಿಂಗಳು ಕಳೆದು ಆಷಾಢದ ಹುಣ್ಣಿಮೆಯ ಹೊತ್ತಿಗೆ ಬರುವುದು ‘ಮಹಾರಾಷ್ಟ್ರ ಬೇಂದೂರ’. ಇನ್ನೂ ಮುಂದಕ್ಕೆ, ಶ್ರಾವಣದ ಅಮಾವಾಸ್ಯೆಗೆ, ವಿದರ್ಭ–ಮರಾಠವಾಡಾದ ಕಡೆ ಪೋಳಾ. ಮೂರೂ ಎತ್ತಿನ ಹಬ್ಬಗಳೇ. ಗಡಿ ಎಲ್ಲಿ ಹಾಯಬೇಕೆಂದು ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳಾಡಲಿ, ಎತ್ತಿನ ಬಟ್ಟೆ ಹೊಲಿಯುವವನಿಗೆ ಮಾತ್ರ ಆ ಗಡಿಯಿಂದ ಒಂದು ಸೀಸನ್ನು ಹೆಚ್ಚಿಗೆ ಸಿಕ್ಕಿದೆ.

ಝೂಲ ಎಂದರೆ ಎತ್ತಿನ ಬೆನ್ನಿನ ಮೇಲೆ ಹೊದಿಸಿ ಎರಡೂ ಮಗ್ಗುಲಿಗೆ ಇಳಿಬಿಡುವ ಬಟ್ಟೆ. ಹೊರಗೆ ಸಾಟಿನ್ನೋ ಮಖಮಲ್ಲೋ, ಒಳಗೆ ಒರಟು ಬಿಳಿ ಬಟ್ಟೆಯ ಅಸ್ತರು. ಅಂಚಿಗೆ ಜರಿಯ ಗೋಟು, ನಡುವೆ ಕನ್ನಡಿ ಬಿಲ್ಲೆ, ತುದಿಗೆ ಉಲ್ಲನ್ನಿನ ಗೊಂಡೆ. ಮನೆಯಲ್ಲಿ ಕೌದಿ ಹೊಲಿಯುವ ಕೈಗಳಿದ್ದರೆ ಬಣ್ಣದ ತುಂಡುಗಳನ್ನೇ ಕತ್ತರಿಸಿ ಕೂಡಿಸಿ ಹೂವು, ನವಿಲು ಮೂಡಿಸುವುದೂ ಉಂಟು. ಅಸ್ತರು ಯಾಕೆ ಬಿಳಿಯದೇ ಆಗಬೇಕು ಎಂದು ಮಳೆಯಲ್ಲಿ ನೆನೆದ ಎತ್ತನ್ನು ಕಂಡವರು ಕೇಳುವುದಿಲ್ಲ. ಕಾರಹುಣ್ಣಿಮೆ ಬರುವುದೇ ಮುಂಗಾರಿನ ಬಾಯಲ್ಲಿ; ಅಗ್ಗದ ಕೆಂಪು ಬಟ್ಟೆ ಬಣ್ಣ ಬಿಟ್ಟರೆ ಮೆರವಣಿಗೆ ಮುಗಿಯುವುದರೊಳಗೆ ಬಿಳಿ ಎತ್ತು ಗುಲಾಬಿ ಎತ್ತಾಗಿರುತ್ತದೆ.

ನಿಜವಾದ ಕಸುಬುಗಾರಿಕೆ ಇರುವುದು ಅಳತೆಯಲ್ಲಿ. ಈ ಸೀಮೆಯ ಎತ್ತು ಕಿಲಾರಿ. ಸಾಂಗ್ಲಿ ಜಿಲ್ಲೆಯ ಆಟಪಾಡಿ ಅದರ ತವರುಗಳಲ್ಲಿ ಒಂದು. ಕನ್ನಡ ಮಾತಾಡುವ ಜತ್ತ ತಾಲೂಕಿನಿಂದ ಹಿಡಿದು ಅಥಣಿ, ವಿಜಯಪುರದ ತನಕ ಅದರದೇ ದರಬಾರು. ಬೂದು ಬೆರೆತ ಬಿಳಿ ಮೈ, ಉದ್ದನೆಯ ಇಕ್ಕಟ್ಟು ಮುಖ, ಬುಡದಲ್ಲಿ ಒಂದಕ್ಕೊಂದು ಹತ್ತಿರವೇ ಹುಟ್ಟಿ ಹಿಂದಕ್ಕೆ ಬಾಗಿ ಮೇಲಕ್ಕೇಳುವ ಕೋಡು. ಅಗಲ ಹಣೆಯ ದನಕ್ಕೆ ಕಟ್ಟುವ ಬಾಸಿಂಗ ಇದಕ್ಕೆ ಕೂಡುವುದೇ ಇಲ್ಲ, ಕಿರಿದಾಗಿ ಎತ್ತರವಾಗಿ ಕಟ್ಟಬೇಕು. ಝೂಲಕ್ಕೆ ಹಿಣಿಲು ಹಾಯುವ ಕಂಡಿ ಬಿಡಬೇಕು. ಅಲ್ಲಿ ಮೊದಲ ಪ್ರಶ್ನೆ: ಎತ್ತೋ, ಹೋರಿಯೋ? ಬೀಜ ಒಡೆದ ಎತ್ತಿಗೆ ಹಿಣಿಲು ಸಣ್ಣದು, ಹೋರಿಗೆ ಗುಡ್ಡದಂತೆ ಎದ್ದಿರುತ್ತದೆ. ಕಂಡಿ ಹಿರಿದಾದರೆ ಝೂಲ ಒಂದು ಮಗ್ಗುಲಿಗೆ ಜಾರುತ್ತದೆ, ಕಿರಿದಾದರೆ ಎತ್ತು ಹೆಜ್ಜೆಗೊಮ್ಮೆ ಮೈ ಕೊಡವುತ್ತದೆ. ಇದರ ಮೇಲೆ ಜೋಡಿಯ ಲೆಕ್ಕ ಬೇರೆ. ಎರಡು ಎತ್ತು ಮಗ್ಗುಲಿಗೆ ಮಗ್ಗುಲು ಹಚ್ಚಿ ನಡೆಯುವಾಗ ಒಳಬದಿಗೆ ಕನ್ನಡಿ ಕೂಡಿಸಿದರೆ ನೋಡುವವರಾರು? ಉಜ್ಜಿ ಒಡೆದೀತು ಅಷ್ಟೇ.

ಕೋಡಿನ ಸಿಂಗಾರಕ್ಕೆ ತುದಿಗೆ ಹಿತ್ತಾಳೆಯ ಕೋಡಣಸು, ಬುಡಕ್ಕೆ ಗೊಂಡೆ, ನಡುವೆ ಹುರಮಂಜಿನ ಕೆಂಪು ಇಲ್ಲವೇ ಬೇಗಡೆ. ಈಗೀಗ ಬಾಗಿಲಿಗೆ ಬಳಿಯುವ ಆಯಿಲ್ ಪೇಂಟನ್ನೇ ಕೋಡಿಗೂ ಬಳಿಯುತ್ತಾರೆ. ಹೊಳಪು ಬರುತ್ತದೆ, ನಿಜ. ಆದರೆ ನನ್ನ ಕಣ್ಣಿಗೆ ಬೇಗಡೆ ಸುತ್ತಿದ ಕೋಡಿನ ಮುಂದೆ ಅದು ಬಣ್ಣ ಹೊಡೆದ ಕಿಟಕಿ ಸರಳಿನಂತೆ ಕಾಣುತ್ತದೆ.

ಅಮೆರಿಕದ ರೋಡಿಯೊ ಎಂಬ ಸವಾರಿ ಆಟಗಳಲ್ಲಿ ‘ರಾಣಿ’ ಪಟ್ಟಕ್ಕೆ ನಿಲ್ಲುವ ಹುಡುಗಿಯರೂ ಇಂಥದೇ ತಲೆನೋವು ಪಡುತ್ತಾರೆ. ಕುದುರೆಯ ಮೈಬಣ್ಣಕ್ಕೆ ಒಪ್ಪುವ ಅಂಗಿ, ಅದಕ್ಕೊಪ್ಪುವ ಟೊಪ್ಪಿಗೆ, ತೊಡೆಗೆ ಕಟ್ಟುವ ಚರ್ಮದ ಹೊದಿಕೆ. ಎಷ್ಟೋ ಜನ ನಮೂನೆ ತಾವೇ ಬರೆದು ಹೊಲಿಸುತ್ತಾರೆ. ಅಲ್ಲಿ ಸಿಂಗಾರದ ಹೆಚ್ಚು ಪಾಲು ಸವಾರಳಿಗೆ. ನಮ್ಮ ರೈತ ಪೂರಾ ಪಾಲನ್ನು ಎತ್ತಿಗೇ ಕೊಟ್ಟು, ತಾನು ಎಂದಿನ ಧೋತರ, ತಲೆಗೊಂದು ರುಮಾಲು ಸುತ್ತಿ ಹಗ್ಗ ಹಿಡಿದು ನಿಲ್ಲುತ್ತಾನೆ. ಹಾಗಂತ ಅವನಿಗೆ ಗತ್ತಿಲ್ಲವೆಂದಲ್ಲ. ಝೂಲದ ಮೇಲೆ ಮನೆತನದ ಹೆಸರನ್ನೋ ಎತ್ತಿನ ಹೆಸರನ್ನೋ ದೊಡ್ಡ ಅಕ್ಷರದಲ್ಲಿ ಹೊಲಿಸಿರುತ್ತಾನೆ.

ಅದೇ ಎತ್ತು ಗಾಡಿ ಓಟಕ್ಕೆ, ಅಂದರೆ ಶರ್ಯತ್ತಿಗೆ, ಇಳಿಯುವ ಹೊತ್ತಿಗೆ ಈ ಸಿಂಗಾರವೆಲ್ಲ ಕಳಚಬೇಕು. ಶರ್ಯತ್ತಿನ ಎತ್ತಿಗೆ ಭಾರ ಆಗದು. ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿನ ಗಾಡಿ ಓಟ ನಿಲ್ಲಿಸಿತು. ಮಹಾರಾಷ್ಟ್ರಕ್ಕೆ 2021ರ ಡಿಸೆಂಬರಿನಲ್ಲಿ ಷರತ್ತಿನ ಅನುಮತಿ ಸಿಕ್ಕಿತು. 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ಇಂಥ ಆಟಗಳಿಗೆ ಅವಕಾಶ ಕೊಟ್ಟ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿಯಿತು. ಓಟವಿಲ್ಲದ ಆ ವರ್ಷಗಳಲ್ಲೂ ಬೇಂದೂರ ನಿಲ್ಲಲಿಲ್ಲ. ಕಾರಹುಣ್ಣಿಮೆಯ ಮುಂಚಿನ ದಿನ ಹೊನ್ನುಗ್ಗಿ ಮಾಡಿ ಎತ್ತಿಗೆ ಉಣಿಸುವುದು, ಹುಣ್ಣಿಮೆಯ ಸಂಜೆ ಅಗಸಿಗೆ ಅಡ್ಡ ಕಟ್ಟಿದ ಕರಿಯ ಹಗ್ಗ ಹರಿಯುವಾಗ ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಪೀಕು, ಕೆಂದೆತ್ತು ಬಂದರೆ ಮುಂಗಾರಿ ಎಂದು ಎಣಿಸುವುದು ಎಂದಿನಂತೆ ನಡೆದವು. ಕಡಿಮೆಯಾದದ್ದು ಎತ್ತುಗಳೇ, ಟ್ರ್ಯಾಕ್ಟರಿನಿಂದ. ಹತ್ತು ಜೋಡಿ ಇದ್ದ ಓಣಿಯಲ್ಲಿ ಒಂದು ಜೋಡಿ ಉಳಿದರೆ ಆ ಒಂದರ ಮೇಲೇ ಓಣಿಯ ಆಸೆಯೆಲ್ಲ ಬೀಳುತ್ತದೆ, ಅದರ ಝೂಲ ಇನ್ನಷ್ಟು ಭರ್ಜರಿಯಾಗುತ್ತದೆ.

ಈ ಕಸುಬಿಗೆ ಶಾಲೆ ಇಲ್ಲ, ಆದರೆ ಒಂದು ಪರೀಕ್ಷೆ ಇದೆ. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲದ ಎರೆಮಣ್ಣು ತಂದು ಹುಡುಗರು ಜೋಡೆತ್ತು ಮಾಡುತ್ತಾರೆ. ಕಣ್ಣಿಗೆ ಕುಸುಬಿ ಕಾಳು, ಕೋಡಿಗೆ ಕಡ್ಡಿ. ದೊಡ್ಡವರ ಝೂಲದಲ್ಲಿ ಉಳಿದ ಮಖಮಲ್ಲಿನ ಚೂರಿಗಾಗಿ ಅಣ್ಣ–ತಂಗಿ ಕಿತ್ತಾಡುತ್ತಾರೆ. ಚೂರು ಸಿಗದವರು ಚಾಕಲೇಟಿನ ಬೇಗಡೆ ಕಾಗದ ಬಿಡಿಸಿ, ಉಗುರಿನಿಂದ ನೀವಿ ಸಪಾಟು ಮಾಡಿ, ಹಸಿ ಮಣ್ಣಿನ ಬೆನ್ನ ಮೇಲೆ ಹೊದಿಸುತ್ತಾರೆ. ಅದರಲ್ಲೂ ಹಿಣಿಲಿಗೆ ಕಂಡಿ ಬಿಟ್ಟಿರುತ್ತಾರೆ.