ಸ್ಪ್ಯಾನಿಷ್ ಭಾಷೆಯಲ್ಲಿ ಸಡಿಲವಾದ ಉಡುಪನ್ನು ಹೇಳುವ ಶಬ್ದಗಳು

ಮೈಗೆ ಅಂಟದೆ ನಿಲ್ಲುವ ಉಡುಪನ್ನು ವರ್ಣಿಸುವುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ನಾಲ್ಕಾರು ಶಬ್ದಗಳುಂಟು. ಅವೆಲ್ಲವನ್ನೂ ‘ಸಡಿಲ’ ಎಂಬ ಒಂದೇ ಮಾತಿನಿಂದ ಕನ್ನಡಿಸಿದರೆ ಅರ್ಥವು ಕೆಡುತ್ತದೆ. ಏಕೆಂದರೆ ಅವುಗಳಲ್ಲಿ ಒಂದು ಮೆಚ್ಚಿಕೆಯ ಮಾತು, ಇನ್ನೊಂದು ದೂರು.

‘ಆಂಚೊ’ ಎಂದರೆ ಅಗಲವಾದದ್ದು. ಅದು ಅಳತೆಯನ್ನು ಮಾತ್ರ ಹೇಳುತ್ತದೆ. ‘ಸ್ವೆಲ್ತೊ’ ಎಂದರೆ ಕಟ್ಟು ಬಿಚ್ಚಿದ್ದು. ಮೈಮೇಲಿಂದ ಇಳಿಬಿದ್ದು ಆಡುವ ವಸ್ತ್ರಕ್ಕೆ ಸಲ್ಲುತ್ತದೆ. ಇವೆರಡರಲ್ಲಿ ತೊಡಕಿಲ್ಲ. ವಿಚಾರ ಮಾಡತಕ್ಕದ್ದು ‘ಓಲ್ಗಾದೊ’ ಎಂಬುದನ್ನು.

ಬರಹದಲ್ಲಿ ಈ ಶಬ್ದದ ಮೊದಲಿಗೆ ಹಕಾರವುಂಟು, ಉಚ್ಚಾರದಲ್ಲಿಲ್ಲ. ಅದು ಲ್ಯಾಟಿನ್ ಫಕಾರದ ಅವಶೇಷ. ಹಿಟ್ಟೆಂಬ ಅರ್ಥದ ‘ಫರೀನ’ವು ‘ಹರೀನ’ವಾಗಿ, ಕೊನೆಗೆ ‘ಅರೀನ’ವಾದುದೂ ಹೀಗೆಯೇ. ಹಳಗನ್ನಡದ ‘ಪಾಲ್’ ‘ಹಾಲು’ ಆದುದನ್ನೂ, ಕೆಲವು ಹಳ್ಳಿಗಳಲ್ಲಿ ಅದೇ ‘ಆಲು’ ಎಂದು ಕೇಳಿಬರುವುದನ್ನೂ ಬಲ್ಲ ನಮಗೆ ಇದು ಹೊಸತಲ್ಲ.

ಲ್ಯಾಟಿನ್ನಿನಲ್ಲಿ ‘ಫೊಲ್ಲಿಸ್’ ಎಂದರೆ ಕಮ್ಮಾರನ ತಿದಿ. ಅದರಿಂದ, ತಿದಿಯಂತೆ ಏದುಸಿರು ಬಿಡುವುದೆಂಬ ಅರ್ಥದ ‘ಫೊಲ್ಲಿಕಾರೆ’ ಹುಟ್ಟಿತು; ಅದೇ ಸ್ಪ್ಯಾನಿಷಿನ ‘ಓಲ್ಗಾರ್’. ಏದುವವನು ನಿಂತು ದಣಿವಾರಿಸಿಕೊಳ್ಳುತ್ತಾನಷ್ಟೆ. ಹೀಗೆ ಅರ್ಥವು ವಿಶ್ರಾಂತಿಗೂ, ಅಲ್ಲಿಂದ ಕೆಲಸವಿಲ್ಲದಿರುವುದಕ್ಕೂ ಸಂದಿತು. ಕಾರ್ಮಿಕರ ಮುಷ್ಕರಕ್ಕೆ ‘ವೆಲ್ಗ’ ಎಂಬ ಹೆಸರು ಬಂದುದು ಈ ಮೂಲದಿಂದಲೇ. ಹಕಾರವನ್ನು ಬಹುಕಾಲ ಉಳಿಸಿಕೊಂಡ ಆಂದಲೂಸಿಯಾ ಪ್ರಾಂತದ ನುಡಿಯಲ್ಲಿ ಅದೇ ಶಬ್ದವು ‘ಹ್ವೆರ್ಗ’ ಎಂದಾಗಿ ಮೋಜಿನ ಕೂಟವನ್ನು ಸೂಚಿಸಿತು. ಮುಷ್ಕರವೂ ಮೋಜೂ ಒಡಹುಟ್ಟುಗಳೆಂದರೆ ಕಾರ್ಮಿಕರು ಒಪ್ಪಲಾರರು!

ಉಡುಪಿನ ವಿಷಯದಲ್ಲಿ ‘ಓಲ್ಗಾದೊ’ ಎಂದರೆ ಮೈಗೆ ಉಸಿರಾಡಲು ಎಡೆಯಿರುವುದು. ಖರ್ಚು ಕಳೆದು ಮಿಗುವ ಅನುಕೂಲಸ್ಥಿತಿಗೂ, ಚುನಾವಣೆಯಲ್ಲಿ ಹೆಚ್ಚಿನ ಅಂತರದ ಗೆಲುವಿಗೂ ಇದೇ ಮಾತು.

‘ಫ್ಲೋಹೊ’ ಎಂಬುದು ಹಾಗಲ್ಲ. ಹರಿಯುವುದೆಂಬ ಧಾತುವಿನಿಂದ ಬಂದ ಈ ಶಬ್ದವು ಬಿಗಿಯಿರಬೇಕಾದೆಡೆ ಬಿಗಿಯಿಲ್ಲದ ಗಂಟಿಗೆ, ಜೋಲುವ ಹಗ್ಗಕ್ಕೆ, ಸೋಮಾರಿಗೆ ಸಲ್ಲುತ್ತದೆ. ಉಡುಪಿಗೆ ಇದನ್ನು ಹೇಳಿದರೆ ದರ್ಜಿಯು ದೂರೆಂದೇ ತಿಳಿದಾನು.

ನಮ್ಮಲ್ಲಿ ‘ದೊಗಳೆ’ ಎಂಬುದರಲ್ಲಿ ತುಸು ಹಾಸ್ಯವಿದೆ. ಆದುದರಿಂದ ‘ಓಲ್ಗಾದೊ’ಗೆ ಅದು ಸಲ್ಲದು. ಬಟ್ಟೆ, ಬಾಳು, ಗೆಲುವು ಮೂರಕ್ಕೂ ಹೊಂದುವ ‘ಧಾರಾಳ’ವೇ ಹತ್ತಿರದ್ದೆಂದು ನನಗೆ ತೋರುತ್ತದೆ, ಉಸಿರಿನ ಧ್ವನಿ ಮಾತ್ರ ಅದರಲ್ಲಿಲ್ಲ. ವಾಕ್ಯರಚನೆಯಲ್ಲಿ ಆ ತೊಂದರೆಯಿಲ್ಲ: ‘ಮೆ ಕೇದ ಓಲ್ಗಾದೊ’ ಎಂಬಲ್ಲಿಯ ‘ಮೆ’ ನಮ್ಮ ‘ನನಗೆ’ ಎಂಬಂತೆ ಚತುರ್ಥಿಯೇ, ‘ಈ ಅಂಗಿ ನನಗೆ ಧಾರಾಳವಾಗುತ್ತದೆ’ ಎಂದರೆ ಸಾಕು.